ಬಂದವರಿಗೆ ಯಾವ ಊರು ತೋರಸೂಣು?

ಹುಟ್ಟಿದ್ದು ಬನಹಟ್ಟಿ, ಕೊಟ್ಟದ್ದು ಜಮಖಂಡಿ, ತಂಗಿ ಮುಧೋಳದ ಸೊಸೆ, ಮಗಳು ಬೀಳಗಿಯವರ ಮನೆ ಸೇರಿದ್ದಾಳೆ. ಹೀಗೆ ನಾಲ್ಕೂ ಊರಿನ ಉಪ್ಪು ಉಂಡವಳನ್ನು ಹಿಡಿದು ‘ಇವುಗಳಲ್ಲಿ ನೋಡುವಂಥ ಊರು ಯಾವುದು’ ಎಂದು ಕೇಳುವುದು, ನಾಲ್ಕು ಮನೆಯ ಬೀಗರನ್ನು ಒಂದೇ ಪಂಕ್ತಿಗೆ ಕೂಡಿಸಿ ಮೊದಲ ಹೋಳಿಗೆ ಯಾರ ಎಲೆಗೆ ಎಂದು ಕೇಳಿದ ಹಾಗೆ. ಕೇಳಿದವನು ನನ್ನ ಮೈದುನನ ಮಗ, ಶಿಕಾಗೋದಲ್ಲಿರುವವನು. ‘ದೊಡ್ಡವ್ವ, ಜನವರಿಯೊಳಗ ನನ್ನ ಆಫೀಸಿನವರು ಗಂಡ-ಹೆಂಡತಿ ನನ್ನ ಜೋಡಿ ಬರಾಕತ್ತಾರ. ವಿಜಾಪುರ, ಬಾದಾಮಿ ನೋಡ್ಕೊಂಡು ನಮ್ಮ ಕಡೆ ಒಂದು ದಿನ ಇರತಾರ. ಯಾವ ಊರು ತೋರಸೂಣು?’

ಪರದೇಶದವರ ದಾರಿ ನಮ್ಮ ಸೀಮೆಯಲ್ಲಿ ಮೊದಲೇ ಗೆರೆ ಕೊರೆದಿಟ್ಟದ್ದು. ಗೋಳಗುಮ್ಮಟದೊಳಗೆ ಒಂದು ಸಲ ಕೂಗಿ ಏಳು ಸಲ ಕೇಳಿಸಿಕೊಳ್ಳುವುದು, ಕೊಲ್ಹಾರದ ಹತ್ತಿರ ಕೃಷ್ಣೆಯ ಸೇತುವೆ ದಾಟುವುದು, ಬೀಳಗಿ ಕ್ರಾಸಿನಲ್ಲಿ ಕಾರಿನ ಗಾಜು ಕೂಡ ಇಳಿಸದೆ ಬಾದಾಮಿಗೆ ಓಡುವುದು. ಪಟ್ಟದಕಲ್ಲು 1987ರಿಂದ ಯುನೆಸ್ಕೋ ಪಟ್ಟಿಯಲ್ಲಿದೆ. ನಾವು ಯಾವ ಪಟ್ಟಿಯಲ್ಲೂ ಇಲ್ಲ, ಮತದಾರರದೊಂದು ಬಿಟ್ಟು. ರೈಲಿನಲ್ಲಾದರೂ ಬರಲಿ ಎಂದರೆ, ಬಾಗಲಕೋಟೆ–ಕುಡಚಿ ಮಾರ್ಗದ ಮಾತು ಕೇಳುತ್ತಲೇ ನಮ್ಮ ತಲೆ ಬೆಳ್ಳಗಾಯಿತು. ಊರ ಹೆಸರನ್ನು ಮೊಬೈಲಿನ ನಕಾಶೆಗೆ ಕೊಟ್ಟು ನಿಶ್ಚಿಂತೆಯಾಗಿರುವ ಹಾಗೂ ಇಲ್ಲ. ಬೀಳಗಿ ಎಂದರೆ ಸಿದ್ದಾಪುರ ತಾಲೂಕಿನ ಅಡಿಕೆ ತೋಟದ ನಡುವಿನ ಇನ್ನೊಂದು ಬೀಳಗಿಗೆ ಒಯ್ಯಬಹುದು; ಅಲ್ಲಿ ಚಂದದ ಜೈನ ಬಸದಿಯೂ ಇರುವುದರಿಂದ ಹೋದವರಿಗೆ ಅನುಮಾನವೂ ಬರುವುದಿಲ್ಲ. ಮುಧೋಳ ಎಂದರೆ ತೆಲಂಗಾಣದ ನಿರ್ಮಲ ಜಿಲ್ಲೆಯಲ್ಲೂ ಒಂದಿದೆ.

ಸರಿ, ಮನೆಯಲ್ಲಿ ಪಂಚಾಯಿತಿ ಕೂಡಿತು. ನಮ್ಮ ಕಡೆ ತಮ್ಮ ಊರನ್ನು ತಾವೇ ಹೊಗಳಿಕೊಳ್ಳುವುದು ಮರ್ಯಾದೆಯಲ್ಲ. ಆದ್ದರಿಂದ ಪ್ರತಿಯೊಬ್ಬರೂ ಪಕ್ಕದ ಊರನ್ನು ಹೊಗಳುತ್ತಾರೆ, ಹೊಗಳಿದ ಮೇಲೆ ಆ ಊರಿನ ಮಾನ ಮೊದಲಿನಷ್ಟು ಉಳಿದಿರುವುದಿಲ್ಲ. ನನ್ನ ಯಜಮಾನರು ‘ಮುಧೋಳಕ್ಕ ಕರಕೊಂಡ ಹೋಗ್ರಿ, ಅಲ್ಲೆ ನಾಯಿ ಭಾಳ ಛಲೋ ಅದಾವು’ ಎಂದರು. ತಂಗಿಯ ಗಂಡ ಕೂಡಲೇ ‘ಇಲ್ರಿ, ಜಮಖಂಡಿನ ಬೇಷ್. ಹಳೀ ಅರಮನಿ ಐತಿ, ಹಳೀ ಮಂದಿನೂ ಅದಾರ’ ಎಂದ. ಬೀಳಗಿಯ ಬೀಗರು ಸುಮ್ಮನೆ ಚಹಾ ಕುಡಿಯುತ್ತಿದ್ದರು. ಅವರ ಊರನ್ನು ಯಾರೂ ಹೊಗಳಲಿಲ್ಲ, ಆದ್ದರಿಂದ ಅದಕ್ಕೆ ಅವಮಾನವೂ ಆಗಲಿಲ್ಲ.

ಈ ಹಗ್ಗಜಗ್ಗಾಟ ಇಂದಿನದಲ್ಲ. ಜಮಖಂಡಿ ಪಟವರ್ಧನರದು, ಮುಧೋಳ ಘೋರ್ಪಡೆಯವರದು, ರಬಕವಿ ಸಾಂಗಲಿ ಸಂಸ್ಥಾನದ್ದು, ಬೀಳಗಿ ನೇರ ಬ್ರಿಟಿಷರದು. 1948ರಲ್ಲಿ ಸಂಸ್ಥಾನಗಳೆಲ್ಲ ಮುಂಬಯಿ ಪ್ರಾಂತಕ್ಕೆ ಸೇರಿದವು. ಅದಕ್ಕೂ ಮುಂಚೆ ಬಂದಿದ್ದರೆ ನಮ್ಮ ಅತಿಥಿಗಳು ಬೆಳಗಿನ ಉಪ್ಪಿಟ್ಟಿನಿಂದ ರಾತ್ರಿಯ ಊಟದೊಳಗೆ ನಾಲ್ಕು ಸರಕಾರ ದಾಟುತ್ತಿದ್ದರು. ಸರಕಾರಗಳು ಹೋದವು, ಬಿಗುಮಾನ ಉಳಿದಿದೆ. ರಬಕವಿ, ಬನಹಟ್ಟಿ ಎರಡಕ್ಕೂ ಒಂದೇ ನಗರಸಭೆ, ಈಗ ಒಂದೇ ತಾಲೂಕು. ಆದರೂ ಬನಹಟ್ಟಿಯವರನ್ನು ‘ರಬಕವಿಯವರೇನ್ರಿ?’ ಎಂದು ಕೇಳಿ ನೋಡಿ.

ಆಗ ಬಾಯಿ ಹಾಕಿದವನು ನನ್ನ ಮೈದುನ. ಅವನು ಕಬ್ಬಿನ ಒಕ್ಕಲಿಗ, ಮಗನ ಮನೆಗೆಂದು ಅಮೆರಿಕಕ್ಕೂ ಹೋಗಿಬಂದವನು, ಹೀಗಾಗಿ ಊರು ತೋರಿಸುವ ವಿಷಯದಲ್ಲಿ ತನಗೊಂದು ಅಧಿಕಾರವಿದೆ ಎಂದು ತಿಳಿದಿದ್ದಾನೆ. ಮಗ ಅವನಿಗೆ ನ್ಯೂಯಾರ್ಕ್ ತೋರಿಸಿದ, ವಾಷಿಂಗ್ಟನ್ ತೋರಿಸಿದ, ಕೊನೆಗೆ ನಯಾಗರದ ಮುಂದೆ ನಿಲ್ಲಿಸಿದ. ಅಲ್ಲಿ ನಿಂತು ಇವನು ‘ಎಷ್ಟ ಎತ್ತರ ಐತಿ?’ ಎಂದು ಕೇಳಿದನಂತೆ. ಐವತ್ತೇಳು ಮೀಟರ್ ಎಂದಾಗ, ‘ನಮ್ಮ ಗೋಕಾಕ ಐವತ್ತೆರಡು. ಎತ್ತರದಾಗ ಇಬ್ಬರೂ ಬರೋಬ್ಬರಿ, ಬರೇ ನೀರಿನ ಫರಕು’ ಎಂದು ತೀರ್ಪು ಕೊಟ್ಟು ಕಾರು ಹತ್ತಿದ. ಅವನ ಮನಸ್ಸಿಗೆ ಬಂದ ಊರು ಬೇರೆ. ಶಿಕಾಗೋದಿಂದ ಮೂರು ತಾಸಿನ ದಾರಿಯಲ್ಲಿ ಮಿಸಿಸಿಪ್ಪಿ ನದಿಯ ದಂಡೆಗೆ ಮೋಲೀನ್ ಎಂಬ ಊರಿದೆ. ಜಾನ್ ಡಿಯರ್ ಟ್ರ್ಯಾಕ್ಟರಿನ ಕಂಪನಿಗೆ ಅದೇ ತವರು. ಎರಡು ಟ್ರೇಲರ್ ಕಬ್ಬು ಹೇರಿಕೊಂಡು, ಊರಿಗೆಲ್ಲ ಕೇಳುವಂತೆ ಹಾಡು ಹಚ್ಚಿ ಕಾರ್ಖಾನೆಗೆ ಹೋಗುವ ಹಸಿರು ಟ್ರ್ಯಾಕ್ಟರಿನ ಬೇರು ನೋಡಿ ಬಂದ ಮೇಲೆ ಅವನು ಬೇರೆ ಮಾತೇ ಆಡಿಲ್ಲ. ಜಮಖಂಡಿಯಿಂದ ಯಾರಾದರೂ ಅಮೆರಿಕಕ್ಕೆ ಹೊರಟರೆ ಸಾಕು, ‘ನ್ಯೂಯಾರ್ಕ್ ಬಿಡ್ರಿ, ಮೋಲೀನಿಗೆ ಹೋಗ್ರಿ’ ಎನ್ನುತ್ತಾನೆ. ಹೋದವರಾರೂ ಇದುವರೆಗೆ ಅಲ್ಲಿಗೆ ಹೋದದ್ದು ಕೇಳಿಲ್ಲ.

ನನ್ನ ಲೆಕ್ಕ ಬೇರೆ. ನಮ್ಮಂಥ ಊರುಗಳನ್ನು ಹೆಸರು ಹಿಡಿದು ಶಿಫಾರಸು ಮಾಡಬಾರದು, ಹೊತ್ತು ಹಿಡಿದು ಮಾಡಬೇಕು. ಏಪ್ರಿಲ್ ತಿಂಗಳ ಮಧ್ಯಾಹ್ನ ಎರಡು ಗಂಟೆಗೆ ಇಲ್ಲಿ ಯಾವ ಊರೂ ನೋಡಲು ಯೋಗ್ಯವಲ್ಲ. ನಾವೇ ಕದ ಹಾಕಿಕೊಂಡು ಮಲಗಿರುತ್ತೇವೆ. ಜನವರಿಯಲ್ಲಿ ಒಂದೊಂದು ಊರಿಗೆ ಒಂದೊಂದು ಹೊತ್ತು ಇದೆ. ಆ ಹೊತ್ತಿಗೆ ಅಲ್ಲಿರಬೇಕು, ಮುಂದಿನ ಹೊತ್ತಿಗೆ ಎದ್ದು ಬರಬೇಕು. ಪಂಚಾಯಿತಿ ಒಪ್ಪಿತು, ಯಾರ ಊರೂ ಬಿಟ್ಟುಹೋಗಲಿಲ್ಲವಲ್ಲ.

ಮುಧೋಳಕ್ಕೆ ಬೆಳಗಿನ ಜಾವ. ಊರಿಗೆ ರನ್ನನ ಹೆಸರಿದೆ. ಬಳೆಗಾರರ ಮನೆತನದಲ್ಲಿ 949ರಲ್ಲಿ ಹುಟ್ಟಿದ ಕವಿ, ‘ಗದಾಯುದ್ಧ’ ಬರೆದವನು. ಆದರೆ ಕವಿಯನ್ನು ಪರದೇಶದವರಿಗೆ ತೋರಿಸುವುದು ಹೇಗೆ? ಮನೆಯಿಲ್ಲ, ಕುರ್ಚಿಯಿಲ್ಲ, ಕನ್ನಡಕವಿಲ್ಲ. ತಂಗಿಯ ಗಂಡ ರಸ್ತೆ ಬದಿಗೆ ನಿಂತು ಭೀಮ ದುರ್ಯೋಧನನ ತೊಡೆ ಮುರಿದದ್ದನ್ನು ತನ್ನ ತೊಡೆ ಬಡಿದು ಹೇಳಿದ. ಆ ದಂಪತಿ ಯಾರೋ ಬಿದ್ದು ಕಾಲು ಮುರಿದುಕೊಂಡಿದ್ದಾರೆಂದು ತಿಳಿದು ಆಸ್ಪತ್ರೆ ಎಲ್ಲಿ ಎಂದು ಕೇಳಿದರು. ಅದಕ್ಕೇ ನಾಯಿ ವಾಸಿ. ಮಾಲೋಜಿರಾವ್ ಘೋರ್ಪಡೆ ಈ ತಳಿಯನ್ನು ಬೆಳೆಸಿ, ಮರಿಗಳನ್ನು ಐದನೆಯ ಜಾರ್ಜ್ ದೊರೆಗೆ ಕಾಣಿಕೆ ಕೊಟ್ಟು ಊರಿನ ಹೆಸರನ್ನು ಲಂಡನ್ನಿಗೆ ಮುಟ್ಟಿಸಿದರು. 2005ರಲ್ಲಿ ಅಂಚೆ ಚೀಟಿಯ ಮೇಲೂ ಬಂತು, ಈಚೆಗೆ ಸೈನ್ಯಕ್ಕೂ ಸೇರಿತು. ಬಸ್ ಸ್ಟ್ಯಾಂಡಿನಲ್ಲಿ ಇಳಿದು ಹುಡುಕಿದರೆ ಸಿಗುವುದು ಎಲ್ಲ ಊರಿನ ನಾಯಿಯೇ. ತಳಿಯ ಕೇಂದ್ರ ಇರುವುದು ಹೊರಗೆ, ತಿಮ್ಮಾಪುರದಲ್ಲಿ. ಸುತ್ತಲ ಹಳ್ಳಿಗಳ ತೋಟದ ಮನೆಗಳಲ್ಲೂ ಸಾಕುತ್ತಾರೆ. ಅಂಥದೊಂದು ತೋಟಕ್ಕೆ ಹೋದೆವು. ಸಪೂರ ಮುಖ, ಬೆನ್ನಿಗೆ ಹತ್ತಿದ ಹೊಟ್ಟೆ, ಎಣಿಸಲು ಬರುವ ಪಕ್ಕೆಲುಬು. ಅಮೆರಿಕದ ಹೆಣ್ಣುಮಗಳು ಅದನ್ನು ನೋಡಿ ಕಣ್ಣು ತುಂಬಿಕೊಂಡು ಏನೋ ಅಂದಳು. ಹುಡುಗ ತಿಳಿಸಿ ಹೇಳಿದ: ‘ಪಾಪ, ಇದಕ್ಕ ಯಾರೂ ಊಟಾ ಹಾಕೂದಿಲ್ಲೇನು ಅಂತಾರ.’ ತೋಟದ ಮುದುಕಿಗೆ ಸಿಟ್ಟು ನೆತ್ತಿಗೇರಿತು. ‘ದಿನಾ ಹಾಲು, ರೊಟ್ಟಿ, ತತ್ತಿ ತಿಂತೈತಿ. ನನಗ ಸಿಗೂದಿಲ್ಲ ಅಷ್ಟು’ ಎಂದವಳೇ ಹಗ್ಗ ಬಿಚ್ಚಿದಳು. ಕಬ್ಬು ಕಡಿದ ಹೊಲದಲ್ಲಿ ಅದು ಓಡಿತು. ನೆಲಕ್ಕೆ ಕಾಲು ಮುಟ್ಟಿಸುವುದು ಅದಕ್ಕೆ ಬರೀ ಔಪಚಾರಿಕ ಎಂಬಂತಿತ್ತು. ಆಕೆ ಆಮೇಲೆ ಊಟದ ಮಾತೆತ್ತಲಿಲ್ಲ.

ಬನಹಟ್ಟಿಗೆ ಹತ್ತು ಗಂಟೆ, ಆ ಹೊತ್ತಿಗೆ ಕರೆಂಟ್ ಇರಬೇಕು. ನನ್ನ ತವರು ಓಣಿಯಲ್ಲಿ ಪವರ್‌ಲೂಮಿನ ಖಟಖಟ ನಿಂತರೆ ಮಕ್ಕಳಿಗೆ ಎಚ್ಚರವಾಗುತ್ತದೆ. ಅಣ್ಣನ ಮನೆಯ ಹೊರಗಿನ ಕೋಣೆಯಲ್ಲಿ ಮಗ್ಗ, ಒಳಗಿನ ಕೋಣೆಯಲ್ಲಿ ಅತ್ತಿಗೆ ಕಂಡಿಕೆ ಸುತ್ತುತ್ತಾಳೆ. ಹಳೆಯ ಕೈಮಗ್ಗವನ್ನೂ ಅಣ್ಣ ಒಂದು ಮೂಲೆಯಲ್ಲಿ ಉಳಿಸಿಕೊಂಡಿದ್ದಾನೆ. ಕಾಲು ಕುಣಿಯಲ್ಲಿಳಿಸಿ ಕೂತು ಲಾಳಿ ಎಳೆದು ತೋರಿಸಿದಾಗ ಅತಿಥಿಗಳಿಬ್ಬರೂ ಮಕ್ಕಳಾದರು. ನಾವು ನೇಕಾರರ ಮಕ್ಕಳು ಜೋರಾಗಿ ಮಾತಾಡುತ್ತೇವೆ, ಮಗ್ಗದ ಮೇಲೆ ದನಿ ಎತ್ತಿ ಎತ್ತಿ ಅದೇ ರೂಢಿ. ಅರ್ಧಕ್ಕೆ ಕರೆಂಟ್ ಹೋಯಿತು. ಮಗ್ಗ ಗಪ್ಪಾಯಿತು, ಮಾತು ಅದೇ ದನಿಯಲ್ಲೇ ಮುಂದುವರಿಯಿತು. ಅಮೆರಿಕದವನು ನಾವು ಜಗಳಕ್ಕೆ ನಿಂತೆವೆಂದು ಹಿಂದೆ ಸರಿದ. ಅತ್ತಿಗೆ ಒದರಿದ್ದು ‘ಇನ್ನೊಂದ ಚಹಾ ಕುಡೀರಿ’ ಎಂದು.

ಜಮಖಂಡಿಗೆ ಮಧ್ಯಾಹ್ನ, ಏಕೆಂದರೆ ನಮ್ಮ ಮನೆ ಅಲ್ಲಿದೆ, ರೊಟ್ಟಿ ಅಲ್ಲಿದೆ. ರಾಮತೀರ್ಥದ ಅರಮನೆ ತೋರಿಸಿದೆವು. ಮೈಸೂರಿನದನ್ನು ನೋಡಿಬಂದವರು ಹೇಗೆ ತಲೆ ಆಡಿಸಬೇಕೋ ಹಾಗೆ ಆಡಿಸಿದರು. ತತ್ತ್ವಜ್ಞಾನಿ ಗುರುದೇವ ರಾನಡೆಯವರು 1886ರಲ್ಲಿ ಹುಟ್ಟಿದ ಊರು ಎಂದು ನನ್ನ ಯಜಮಾನರು, 1977ರಲ್ಲಿ ಹಂಗಾಮಿ ರಾಷ್ಟ್ರಪತಿಯಾದ ಬಿ.ಡಿ. ಜತ್ತಿಯವರು ನಮ್ಮ ಸಾವಳಗಿಯವರು ಎಂದು ಮೈದುನ ಹೇಳಿದರು. ಅದಕ್ಕಿಂತ ಅವರಿಗೆ ಹಿಡಿಸಿದ್ದು ಕೃಷ್ಣೆಗೆ ಅಡ್ಡಲಾಗಿರುವ ಚಿಕ್ಕಪಡಸಲಗಿಯ ಬ್ಯಾರೇಜು. ಸರಕಾರದ ದಾರಿ ಕಾದು ಬೇಸತ್ತ ರೈತರು ಸಿದ್ದು ನ್ಯಾಮಗೌಡರ ಮುಂದಾಳತ್ವದಲ್ಲಿ ತಾವೇ ರೊಕ್ಕ ಕೂಡಿಸಿ, ತಾವೇ ದುಡಿದು 1989ರಲ್ಲಿ ಕಟ್ಟಿದ್ದು. ಅದೇ ಹೆಸರಿನ ಬಲದಿಂದ 1991ರ ಲೋಕಸಭಾ ಚುನಾವಣೆಯಲ್ಲಿ ಅವರು ರಾಮಕೃಷ್ಣ ಹೆಗಡೆಯವರನ್ನೇ ಸೋಲಿಸಿದರು. ಅಮೆರಿಕದವನು ಇಂಜಿನಿಯರ್. ‘ಪರವಾನಗಿ ಯಾರು ಕೊಟ್ಟರು?’ ಎಂದು ಕೇಳಿದ. ಮೈದುನ ನದಿಯ ಕಡೆ ಕೈ ತೋರಿಸಿದ. ದಾರಿಯಲ್ಲಿ ಒಂದು ಗಾಣ ಸಿಕ್ಕಿತು, ಬಿಸಿ ಕಾಕಂಬಿ ನೆಕ್ಕಿದರು. ಇದಕ್ಕೆ ಶಿಫಾರಸು ಬೇಕೇ ಇಲ್ಲ, ವಾಸನೆಯೇ ಕರೆದೊಯ್ಯುತ್ತದೆ.

ಬೀಳಗಿಗೆ ಸಂಜೆ. ಅಲ್ಲಿ ನೋಡುವಂಥದ್ದು ಬಹಳಷ್ಟು ಆಲಮಟ್ಟಿಯ ಹಿನ್ನೀರಿನ ಕೆಳಗಿದೆ. ಬೀಗರು ಊರು ತೋರಿಸುವ ರೀತಿಯೇ ಬೇರೆ: ದಂಡೆಯ ಮೇಲೆ ನಿಂತು, ‘ಅಕಾ, ಅಲ್ಲೆ ನಮ್ಮ ಹೊಲ ಇತ್ತು, ಅದರ ಬಾಜೂಕ ಮಾವಿನ ಗಿಡ’ ಎಂದು ನೀರಿನತ್ತ ಬೆರಳು ಮಾಡುತ್ತಾರೆ. ಘಟಪ್ರಭಾ ಬಂದು ಕೃಷ್ಣೆಯನ್ನು ಸೇರುವ ಚಿಕ್ಕಸಂಗಮಕ್ಕೆ ಹೋದಾಗ ಹೊತ್ತು ಇಳಿದಿತ್ತು. ಚಳಿಗಾಲಕ್ಕೆ ಅಲ್ಲಿಗೆ ಪಟ್ಟೆತಲೆಯ ಹೆಬ್ಬಾತುಗಳು ಬರುತ್ತವೆ, ಹಿಮಾಲಯ ದಾಟಿ, ಟಿಬೆಟ್ಟು ಮಂಗೋಲಿಯಾ ಕಡೆಯಿಂದ. ನಮ್ಮ ಸೀಮೆಗೆ ವರ್ಷ ತಪ್ಪದೆ ಬರುವ ಪರದೇಶಿ ಅತಿಥಿಗಳೆಂದರೆ ಇವೇ. ಇವು ಜಮಖಂಡಿಯ ಅರಮನೆ ನೋಡುವುದಿಲ್ಲ, ಮುಧೋಳದ ಕಡೆಗಂತೂ ಸುಳಿಯುವುದಿಲ್ಲ, ನಾಯಿಗಳಿವೆ. ನೇರ ಬೀಳಗಿಗೆ ಬಂದು ಸುತ್ತಲ ಹೊಲದ ಕಡಲೆ ಮೇಯುತ್ತವೆ. ಬೀಗರು ಅಂದು ಮೊದಲ ಬಾರಿಗೆ ಬಾಯಿ ಬಿಟ್ಟು ನಕ್ಕರು.

ನಾನು ಸೌಜನ್ಯಕ್ಕೆ ಕೇಳಿದೆ, ನಾವು ಅಮೆರಿಕಕ್ಕೆ ಬಂದರೆ ಯಾವ ಊರು ನೋಡಬೇಕು? ಗಂಡ ಬೋಸ್ಟನ್ ಎಂದ. ಹೆಂಡತಿ ನೆಬ್ರಾಸ್ಕಾದ ಕರ್ನಿ ಎಂಬ ಊರಿನವಳಂತೆ, ಅದನ್ನೇ ನೋಡಬೇಕೆಂದಳು. ಗಂಡ ಅಲ್ಲೇನಿದೆ ಮಣ್ಣು ಎಂಬ ಅರ್ಥದಲ್ಲಿ ಏನೋ ಅಂದ. ಆಕೆ ಉರಿದೆದ್ದಳು. ಎಂಬತ್ತನೇ ನಂಬರಿನ ಹೆದ್ದಾರಿಯಲ್ಲಿ ಎಲ್ಲರೂ ನಮ್ಮೂರು ದಾಟಿಯೇ ಹೋಗುತ್ತಾರೆ, ಯಾರೂ ನಿಲ್ಲಿಸುವುದಿಲ್ಲ. ಆದರೆ ಮಾರ್ಚ್ ತಿಂಗಳಲ್ಲಿ ಪ್ಲ್ಯಾಟ್ ನದಿಗೆ ಲಕ್ಷಗಟ್ಟಲೆ ಸ್ಯಾಂಡ್‌ಹಿಲ್ ಕೊಕ್ಕರೆಗಳು ಬಂದು ಇಳಿಯುತ್ತವೆ, ಅವಕ್ಕೆ ಬೋಸ್ಟನ್ ಬೇಕಾಗಿಲ್ಲ, ಎಂದಳಂತೆ. ಹುಡುಗ ಕನ್ನಡಕ್ಕೆ ತಂದಾಗ ಬೀಗರು ಆಕೆಯನ್ನು ಸ್ವಂತ ಕುಲದವಳನ್ನು ನೋಡುವಂತೆ ನೋಡಿ, ‘ಅಲ್ಲೂ ಒಂದು ಬೀಳಗಿ ಕ್ರಾಸ್ ಐತಿ ಅನ್ನು’ ಎಂದರು.

ಮೈದುನ ಅಷ್ಟೊತ್ತು ಸುಮ್ಮನಿದ್ದವನು ಮಗನನ್ನು ಕೇಳಿದ, ‘ಆ ಊರಿಂದ ಮೋಲೀನ್ ಎಷ್ಟ ದೂರ ಆಕ್ಕೈತಿ?’

‘ಎಂಟನೂರು ಕಿಲೋಮೀಟರ್ ಆಗಬಹುದಪಾ. ಅದ ಹೆದ್ದಾರಿನ.’

‘ಮತ್ತ ದಾರ್ಯಾಗನ ಐತಲಾ! ಹೇಳು ಅವರಿಗೆ, ವೈನಿನ ಕರಕೊಂಡು ಬರತೀವಿ ಅಂತ.’