ಹೊಟ್ಟಿಗೆ ಹಾಕ್ಕಳ್ರಿ

ನಮ್ಮ ಕಡೆ ಎದುರು ಸಿಕ್ಕವರು ನಮಸ್ಕಾರಕ್ಕಿಂತ ಮುಂಚೆ ಕೇಳುವುದು ‘ಊಟ ಆತೇನ್ರಿ?’ ಅಂತ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ಐದೂ ಕಡೆ ನನಗೆ ನೆಂಟರು. ಐದೂ ಕಡೆ ಇದೇ ಪ್ರಶ್ನೆ. ಐವತ್ತು ವರ್ಷ ನಾನು ಕೊಟ್ಟ ಉತ್ತರವೂ ಒಂದೇ: ‘ಆಗೈತಿ, ಆದ್ರೂ ನಡೀರಿ.’ ಆ ‘ಆದ್ರೂ’ ಕೂಡಿ ಕೂಡಿ 128 ಕೆ.ಜಿ. ಆಯಿತು.

ಮಂಡಿ ಸೋತವು, ಸಕ್ಕರೆ ಏರಿತು. ನನ್ನ ಗೊರಕೆಗೆ ಓಣಿಯ ನಾಯಿಗಳು ಬೊಗಳುವುದು ಶುರುವಾದ ಮೇಲೆ ಬೆಂಗಳೂರಿಗೆ ಹೋಗಿ ಆಪರೇಷನ್ ಮಾಡಿಸಿಕೊಂಡು ಬಂದೆ. ಸ್ಲೀವ್ ಅಂತ ಅದರ ಹೆಸರು. ಜಠರದ ಮುಕ್ಕಾಲು ಪಾಲಿಗೂ ಮಿಕ್ಕಿ ಕತ್ತರಿಸಿ ತೆಗೆದು, ಉಳಿದದ್ದನ್ನು ಅಂಗಿ ತೋಳಿನಂತೆ ಸಣ್ಣ ಕೊಳವೆ ಮಾಡಿ ಪಿನ್ನು ಹೊಡೆಯುತ್ತಾರೆ. ಒಂದು ಚರಿಗೆ ಪಾಯಸ ನುಂಗಿ ಸುಮ್ಮನಿರುತ್ತಿದ್ದ ಚೀಲಕ್ಕೆ ಈಗ 100–150 ಎಂ.ಎಲ್. ಹಿಡಿದರೆ ಹೆಚ್ಚು.

ಹಸಿವು ಹುಟ್ಟಿಸುವ ಗ್ರೆಲಿನ್ ಎಂಬ ಹಾರ್ಮೋನನ್ನು 1999ರಲ್ಲಿ ಜಪಾನಿನ ವಿಜ್ಞಾನಿಗಳು ಕಂಡುಹಿಡಿದರಂತೆ. ಅದು ಹೆಚ್ಚಾಗಿ ಹುಟ್ಟುವ ಜಾಗವೇ ಈ ಕತ್ತರಿಸಿ ತೆಗೆದ ಭಾಗ. ನನ್ನ ಹಸಿವಿನ ಅಂಗಡಿಯನ್ನೇ ಎತ್ತಿಸಿದ್ದರು. ಆದರೂ ಡಿಸ್ಚಾರ್ಜ್ ದಿನ ಡಾಕ್ಟರು, ‘ಹೊಟ್ಟೆ ಹಸಿವು ಕಡಿಮೆ ಆಗುತ್ತೆ, ತಲೆ ಹಸಿವು ಹೋಗಲ್ಲ’ ಎಂದರು. ಮೈಲಾರದ ಕಾರಣಿಕದ ಹಾಗೆ. ಬಿಲ್ಲೇರಿದ ಗೊರವಯ್ಯ ಒಂದು ಮಾತು ನುಡಿದು ಕೆಳಗೆ ಬೀಳುತ್ತಾನೆ. ಅರ್ಥ ಹಚ್ಚುತ್ತ ವರ್ಷ ಕಳೆಯುವುದು ಕೇಳಿದವರ ಪಾಡು.

ನನಗೆ ಅರ್ಥವಾದದ್ದು ಎರಡನೇ ವಾರ. ಬೇಳೆಕಟ್ಟು, ತಿಳಿ ಮಜ್ಜಿಗೆಯಲ್ಲೇ ಜೀವ ಹಿಡಿದಿದ್ದ ಕಾಲ. ಸಂಜೆ ಪಕ್ಕದ ಮನೆಯಲ್ಲಿ ಮಂಡಕ್ಕಿಗೆ ಒಗ್ಗರಣೆ ಬಿತ್ತು. ಹೊಟ್ಟೆ ತನ್ನ ಪಾಡಿಗೆ ತಾನು ಮಲಗಿತ್ತು. ಕೈ ಮಾತ್ರ ಎದ್ದು ಹೋಗಿ ಶೇಂಗಾ ಡಬ್ಬಿಯ ಮುಚ್ಚಳ ತೆಗೆದಿತ್ತು. ಹಿಂದೆ ನಿಂತಿದ್ದ ಹೆಂಡತಿ, ‘ಹಸಿವಾತೇನ್ರಿ?’ ಅಂದಳು. ಇಲ್ಲ ಅಂದರೆ ಕಳ್ಳನಾಗಬೇಕು, ಹೌದು ಅಂದರೆ ಸುಳ್ಳನಾಗಬೇಕು.

ಮೆತ್ತನೆಯ ಊಟಕ್ಕೆ ಅಪ್ಪಣೆ ಸಿಕ್ಕಿದ ದಿನ ಅವ್ವ ಮುದ್ದೆ ತಿರುವಿದಳು. ತುತ್ತನ್ನು ಇಪ್ಪತ್ತು ಮೂವತ್ತು ಸಲ ಅಗಿಯಬೇಕೆಂಬುದು ಆಸ್ಪತ್ರೆಯ ಶಾಸನ. ಮುದ್ದೆಗೆ ಹಲ್ಲು ತಾಗಿಸಬಾರದೆಂಬುದು ಹಿರಿಯರ ಶಾಸನ. ಲಿಂಬೆಕಾಯಿಯಷ್ಟು ಮುರಿದು, ಸಾರಲ್ಲಿ ಹೊರಳಿಸಿ, ಎಣಿಸುತ್ತಾ ಅಗಿದೆ. ಹನ್ನೊಂದಕ್ಕೆ ಮೇಲಿನ ದವಡೆ ಕೆಳಗಿನದಕ್ಕೆ ಅಂಟಿತು. ಹದಿನಾರಕ್ಕೆ ಲೆಕ್ಕ ತಪ್ಪಿತು. ಅವ್ವ ತಲೆ ತಲೆ ಬಡಿದುಕೊಂಡಳು: ‘ಅಗದು ಉಂಡ್ರ ಹಲ್ಲಿಗೆ ಹತ್ತತೈತಿ, ಮೈಗೆ ಹತ್ತಂಗಿಲ್ಲ!’ ಮೈಗೆ ಹತ್ತಬಾರದೆಂದೇ ಲಕ್ಷಗಟ್ಟಲೆ ಸುರಿದು ಬಂದಿದ್ದೇನೆಂದು ಆಕೆಗೆ ಹೇಳುವವರಾರು?

ಕೊಟ್ಟೂರೇಶ್ವರನ ತೇರಿನ ಹೊತ್ತಿಗೆ ಧೈರ್ಯ ಬಂದಿತ್ತು. ಜಾತ್ರೆಯಲ್ಲಿ ಗೆಳೆಯ ಪೇಪರಿನಲ್ಲಿ ಮಂಡಕ್ಕಿ, ಮೇಲೊಂದು ಮಿರ್ಚಿ ಇಟ್ಟು ಕೈಗೆ ಕೊಟ್ಟ. ಹೊರಗಿನ ಕಡಲೆಹಿಟ್ಟು ಗರಿಗರಿ, ಒಳಗೆ ಹಸಿರು ಮೆಣಸಿನಕಾಯಿ ಹಬೆಯಾಡುತ್ತಿತ್ತು. ತುದಿಯನ್ನಷ್ಟೇ ಕಚ್ಚಿದೆ. ಇಪ್ಪತ್ತೈದು ಸಲ ಅಗಿದೆ. ಮಿರ್ಚಿಯನ್ನು ಯಾರೂ ಇಪ್ಪತ್ತೈದು ಸಲ ಅಗಿಯಬಾರದು. ನುಂಗಿದರೆ ಒಂದೇ ಸಲ ಖಾರ, ಅಗಿದರೆ ಇಪ್ಪತ್ತೈದು ಸಲ. ಕಣ್ಣು, ಮೂಗು ಎರಡೂ ಹರಿದವು. ಗೆಳೆಯ ನೀರಿನ ಬಾಟ್ಲಿ ಚಾಚಿದ. ಆದರೆ ತಿಂದ ಮೇಲೆ ಅರ್ಧ ಗಂಟೆ ನೀರು ಕುಡಿಯುವಂತಿಲ್ಲ ನಾನು! ವಾಚು ನೋಡುತ್ತಾ, ಬಾಯಿ ತೆರೆದು ಗಾಳಿ ಎಳೆಯುತ್ತಾ ನಿಂತೆ. ಪಕ್ಕದಲ್ಲಿದ್ದ ಅಜ್ಜಿಯೊಬ್ಬರು ತೇರು ನೋಡಿ ಅಳುತ್ತಿದ್ದಾನೆಂದು ತಿಳಿದು ನನಗೇ ಕೈ ಮುಗಿದರು.

ಹರಪನಹಳ್ಳಿ 1997ರಲ್ಲಿ ಬಳ್ಳಾರಿಯಿಂದ ದಾವಣಗೆರೆ ಜಿಲ್ಲೆಗೆ ಹೋಯಿತು, ಮತ್ತೆ ಬಳ್ಳಾರಿಗೆ ಬಂತು, 2021ರಲ್ಲಿ ವಿಜಯನಗರಕ್ಕೆ ಸೇರಿತು. ನನ್ನ ಪ್ಯಾಂಟಿನ ಗಡಿಯನ್ನೂ ದರ್ಜಿ ಹಾಗೆಯೇ ಮೂರು ಸಲ ಒಳಗೆ ಹಾಕಿದ. ಜಿಲ್ಲೆ ಯಾವುದಾದರೂ ಅಲ್ಲಿಯ ಪಂಕ್ತಿ ಬದಲಾಗಿಲ್ಲ. ಕಳೆದ ಬೇಸಿಗೆ ಅಲ್ಲೊಂದು ಮದುವೆ. ಮೊದಲೆಲ್ಲ ಪಂಕ್ತಿಯಲ್ಲಿ ಕೊನೆಗೆ ಏಳುವವನು ನಾನು, ಹೆಚ್ಚು ಉಣ್ಣುತ್ತಿದ್ದೆ. ಈಗಲೂ ನಾನೇ, ಮೂರು ಚಮಚ ಅನ್ನಕ್ಕೆ ಅರ್ಧ ಗಂಟೆ ಬೇಕು. ಎಲೆ ಎತ್ತುವ ಹುಡುಗ ಎರಡು ಸಲ ಬಂದು ಮುಖ ನೋಡಿ ಹೋದ. ಇಳಿದ ಗಲ್ಲ ನೋಡಿ ಅಂಥಾದ್ದೇನೋ ಆಗಿದೆಯೆಂದು ದೂರದಿಂದಲೇ ಮರುಗಿದವರೂ ಇದ್ದರು.

ಅಷ್ಟರಲ್ಲಿ ಹಗರಿಬೊಮ್ಮನಹಳ್ಳಿಯ ಬೀಗರು ಬಂದರು. ಅವರ ಮನೆ ಗೃಹಪ್ರವೇಶಕ್ಕೆ ನಮ್ಮನ್ನು ಕರೆಯುವುದನ್ನು ಮರೆತಿದ್ದರು. ಆಮೇಲೆ ಎರಡೂ ಮನೆಗೆ ಮಾತಿರಲಿಲ್ಲ. ಒಂದು ಕೈಯಲ್ಲಿ ತುಪ್ಪದ ಗಿಂಡಿ, ಇನ್ನೊಂದರಲ್ಲಿ ಹೋಳಿಗೆ ಹಿಡಿದು ಎಲೆಯ ಮುಂದೆ ಬಗ್ಗಿ, ‘ತಪ್ಪಾಗೈತ್ರಿ ಬೀಗ್ರ, ಹೊಟ್ಟಿಗೆ ಹಾಕ್ಕಳ್ರಿ’ ಅಂದರು.

ತಪ್ಪನ್ನೋ ಹೋಳಿಗೆಯನ್ನೋ ತಿಳಿಯಲಿಲ್ಲ. ಎರಡಕ್ಕೂ ಜಾಗವಿಲ್ಲ. ‘ತಪ್ಪು ಹಾಕ್ಕಂತೀನ್ರಿ, ಹೋಳಿಗಿ ತಗೊಂಡ್ಹೋಗ್ರಿ’ ಅಂದೆ.

ಬೀಗರ ಮುಖ ಸಣ್ಣದಾಯಿತು. ‘ಅಂದ್ರ ಇನ್ನೂ ಸಿಟ್ಟು ಹೋಗಿಲ್ಲ ನಿಮ್ಗ’ ಎಂದವರೇ ಎರಡು ಹೋಳಿಗೆ ಹಾಕಿ, ಮೇಲೆ ತುಪ್ಪ ಸುರಿದು, ಎದುರಿಗೇ ಕೂತರು.