ಆಂಟಾಪ್ ಹಿಲ್‌ನ ಆಂಟಿಯಿಂದ ಒಂದು ಅಂಟಿನ ಪತ್ರ

ಮುಂಬೈಯ ನನ್ನ ಪಾಳಣಾಘರದಲ್ಲಿ (ಶಿಶುಪಾಲನಾ ಕೇಂದ್ರದಲ್ಲಿ) ಮಕ್ಕಳನ್ನು ಬಿಟ್ಟು ಹೋಗುವ ಮಾನ್ಯ ಪಾಲಕರೇ, ಉಭಯ ಕುಶಲೋಪರಿ ಎಂದು ಬರೆಯುವುದು ವಾಡಿಕೆ. ಆದರೆ ಮೊನ್ನೆ ಸೋಮವಾರದಿಂದ ನನ್ನ ಎರಡು ಚಾಪೆಗಳು ಒಂದನ್ನೊಂದು ಬಿಡಲೊಲ್ಲವು. ಹಾಗಾಗಿ ಇಲ್ಲಿ ಎಲ್ಲರೂ ಕ್ಷೇಮ ಎಂದು ಬರೆದರೆ ಸುಳ್ಳಾದೀತು.

‘ಮಕ್ಕಳ ಕೈಯಲ್ಲಿ ಚೂಯಿಂಗ್ ಗಮ್ ಕಳಿಸಬಾರದು’ ಎಂದು ಮರಾಠಿ, ಹಿಂದಿ ಎರಡರಲ್ಲೂ ಬರೆದು ಬಾಗಿಲಿಗೆ ಅಂಟಿಸಿದ್ದೆ. ಮಳೆಗಾಲದ ಥಂಡಿಗೆ ಸೆಲ್ಲೋಟೇಪು ಬಿಟ್ಟುಕೊಂಡು ನೋಟೀಸು ಕೆಳಗೆ ಬಿತ್ತು. ಸಂಜೆ ನೋಡುತ್ತೇನೆ, ಮತ್ತೆ ಅದೇ ಜಾಗದಲ್ಲಿದೆ! ಯಾರೋ ಪುಣ್ಯಾತ್ಮರು ನಾಲ್ಕು ಮೂಲೆಗೂ ಜಗಿದ ಗಮ್ ಒತ್ತಿ ನಿಲ್ಲಿಸಿದ್ದರು. ಇವತ್ತಿಗೂ ಅಲುಗಿಲ್ಲ. ಗಮ್ ಬೇಡವೆನ್ನುವ ನೋಟೀಸು ಗಮ್ಮಿನ ಋಣದಲ್ಲೇ ನಿಂತಿರುವುದನ್ನು ಕಂಡ ಮೇಲೆ, ಈ ವಿಷಯವನ್ನು ಕನ್ನಡದಲ್ಲೇ ಸ್ವಲ್ಪ ವಿಸ್ತಾರವಾಗಿ ಬರೆಯೋಣ ಅನಿಸಿತು.

ಹಾಗೆ ನೋಡಿದರೆ ನಿಷೇಧದ ಮೇಲೆ ನನಗೇನೂ ದೊಡ್ಡ ನಂಬಿಕೆಯಿಲ್ಲ. ಸಿಂಗಪುರದವರು 1992ರಲ್ಲಿ ಚೂಯಿಂಗ್ ಗಮ್ ಮಾರಾಟವನ್ನೇ ನಿಲ್ಲಿಸಿದರು. ಪೋಕರಿಗಳು ಮೆಟ್ರೋ ಬಾಗಿಲಿನ ಸೆನ್ಸರ್‌ಗೆ ಗಮ್ ಮೆತ್ತಿ ರೈಲು ತಡೆಯುತ್ತಿದ್ದರಂತೆ. 2004ರಲ್ಲಿ ಸಡಿಲಿಸಿದ್ದೂ ಔಷಧದ ಗಮ್ಮಿಗೆ ಮಾತ್ರ. ಅದು ಸಿಂಗಪುರ. ನಮ್ಮ ಮಹಾರಾಷ್ಟ್ರ 2012ರಲ್ಲಿ ಗುಟ್ಕಾ ನಿಷೇಧಿಸಿತು. ನಮ್ಮ ಬಿಲ್ಡಿಂಗಿನ ಮೆಟ್ಟಿಲ ಮೂಲೆಗಳಿಗೆ ಆ ಸಮಾಚಾರ ಇನ್ನೂ ಮುಟ್ಟಿದಂತಿಲ್ಲ, ಕೆಂಪಗೇ ಇವೆ. ಆ ಮೂಲೆಗೆ ಉಗಿದು ಮೇಲೆ ಬಂದ ತಂದೆಯೊಬ್ಬರು, ‘ಆಂಟಿ, ನಮ್ಮ ಹುಡುಗನಿಗೆ ಗಮ್ ಒಂದು ಬಿಟ್ಟರೆ ಬೇರೆ ಚಟವಿಲ್ಲ’ ಎಂದರು. ಹುಡುಗನಿಗೆ ಈಗ ನಾಲ್ಕು ವರ್ಷ.

ನಿಮ್ಮ ವಾದಗಳನ್ನೂ ಗೌರವದಿಂದ ಕೇಳಿದ್ದೇನೆ. ಗಮ್ ಆಗುವುದು ಚಿಕ್ಕು ಮರದ ಹಾಲಿನಿಂದ, ಆದ್ದರಿಂದ ಅದು ಹಣ್ಣಿನ ಜಾತಿ ಎಂದು ಒಬ್ಬ ತಾಯಿ ವಾಟ್ಸ್‌ಆ್ಯಪ್ ಮಾಡಿದರು. ಒಂದು ಕಾಲದಲ್ಲಿ ನಿಜ. ಮೆಕ್ಸಿಕೋದ ಆ ಮೇಣದಿಂದ ಗಾಡಿಯ ಚಕ್ರಕ್ಕೆ ರಬ್ಬರು ಮಾಡಲು ನ್ಯೂಯಾರ್ಕಿನ ಥಾಮಸ್ ಆಡಮ್ಸ್ ಎಂಬವನು ಒದ್ದಾಡಿ ಸೋತ. ಚಕ್ರಕ್ಕೆ ಬಾರದ್ದನ್ನು ಬಾಯಿಗೆ ಹಾಕಿಸಿ, 1871ರಲ್ಲಿ ಗಮ್ ಮಾಡುವ ಯಂತ್ರಕ್ಕೆ ಪೇಟೆಂಟ್ ಪಡೆದ. ಈಗ ಹೆಚ್ಚಿನ ಗಮ್ಮುಗಳಲ್ಲಿ ಆ ಮರದ ಹಾಲೂ ಇಲ್ಲ, ಕಾರ್ಖಾನೆಯಲ್ಲಿ ಮಾಡಿದ ರಬ್ಬರೇ. ಆಡಮ್ಸ್ ಬಿಟ್ಟ ಕೆಲಸವನ್ನು ನಮ್ಮ ಮಕ್ಕಳು ಹಲ್ಲಿನಲ್ಲಿ ಮುಂದುವರಿಸುತ್ತಿದ್ದಾರೆ. ಚಿಕ್ಕುವಿನ ಮೇಲೆ ಅಷ್ಟು ಪ್ರೀತಿಯಿದ್ದರೆ ನಮ್ಮ ಘೋಲ್ವಡ್ ಏನು ದೂರವೇ? ಅಲ್ಲಿನ ಚಿಕ್ಕುವಿಗೆ ಜಿಐ ಮಾನ್ಯತೆಯೂ ಇದೆ. ಸಿಪ್ಪೆ, ಬೀಜ ತೆಗೆದು ಡಬ್ಬಿಯಲ್ಲಿ ಹಾಕಿ ಕಳಿಸಿ.

‘ಇದು ಶುಗರ್‌ಫ್ರೀ ಆಂಟಿ’ ಎನ್ನುವುದು ಎರಡನೆಯ ವಾದ. ಸಕ್ಕರೆಯ ಬದಲು ಅದಕ್ಕೆ ಹಾಕುವ ಸಾರ್ಬಿಟಾಲ್ ಹೆಚ್ಚಾದರೆ ಹೊಟ್ಟೆ ಸಡಿಲವಾಗುತ್ತದೆ. ಪೂರ್ತಿ ಪ್ಯಾಕೆಟ್ ಜೇಬಿನಲ್ಲಿಟ್ಟುಕೊಂಡು ಬಂದ ಒಬ್ಬ ಉದಾರಿ, ಮಧ್ಯಾಹ್ನ ಎಲ್ಲರಿಗೂ ಎರಡೆರಡು ಹಂಚಿದ. ಒಂಬತ್ತು ಮಕ್ಕಳು, ಒಂದೇ ಪಾಯಿಖಾನೆ. ಆ ಮಧ್ಯಾಹ್ನದ ಬಗ್ಗೆ ಇದಕ್ಕಿಂತ ಹೆಚ್ಚು ಬರೆಯಲಾರೆ.

ಮೂರನೆಯದು, ‘ನುಂಗಿದರೆ ಏನೂ ಆಗಲ್ಲ.’ ಒಪ್ಪಿದೆ. ಹುಣಸೆ ಬೀಜ ನುಂಗಿದರೆ ಹೊಟ್ಟೆಯಲ್ಲಿ ಮರ ಬೆಳೆಯುತ್ತದೆಂದು ನಮ್ಮನ್ನು ಹೆದರಿಸಿದ ಹಾಗೆ, ಗಮ್ ಏಳು ವರ್ಷ ಕರುಳಿಗೆ ಅಂಟಿರುತ್ತದೆ ಎಂಬುದೂ ಕಟ್ಟುಕತೆಯೇ. ಅಪರೂಪಕ್ಕೆ ನುಂಗಿದ್ದು ತನ್ನ ದಾರಿಯಲ್ಲಿ ಸುಂಕವಿಲ್ಲದೆ ಹೊರಟುಹೋಗುತ್ತದೆ. ದಿನವೂ ನುಂಗಿದರೆ ಕತೆ ಬೇರೆ. 1998ರಲ್ಲಿ ‘ಪೀಡಿಯಾಟ್ರಿಕ್ಸ್’ ಎಂಬ ಅಮೆರಿಕದ ವೈದ್ಯಕೀಯ ಪತ್ರಿಕೆಯಲ್ಲಿ ನಾಲ್ಕೂವರೆ ವರ್ಷದ ಹುಡುಗನೊಬ್ಬನ ವಿಚಾರ ಬಂದಿತ್ತು. ಎರಡು ವರ್ಷದಿಂದ ಮಲಬದ್ಧತೆ. ಕೊನೆಗೆ ವೈದ್ಯರು ಹೊರತೆಗೆದದ್ದು ಗಮ್ಮಿನ ಮುದ್ದೆ. ದಿನಕ್ಕೆ ಐದರಿಂದ ಏಳು ನುಂಗುತ್ತಿದ್ದನಂತೆ. ಕೊಡುತ್ತಿದ್ದವರು ಯಾರು? ಹೆತ್ತವರೇ. ಯಾಕೆ? ಜಾಣನಾಗಿದ್ದುದಕ್ಕೆ ಬಹುಮಾನ!

ಒಂದು ಮಾತು ಮಾತ್ರ ತಮಾಷೆಯಲ್ಲ. ಚಿಕ್ಕ ಮಕ್ಕಳಿಗೆ ಗಮ್ ಬೇಡವೆಂದು ವೈದ್ಯರು ಹೇಳುವುದು ಹೊಟ್ಟೆಯ ಚಿಂತೆಗಿಂತ ಹೆಚ್ಚಾಗಿ ಉಸಿರಿನ ಚಿಂತೆಯಿಂದ. ಜಗಿಯುತ್ತಲೇ ಓಡುವ, ನಗುವ, ನಿದ್ದೆ ಹೋಗುವ ಮಗುವಿನ ಗಂಟಲಿಗೆ ಅದು ಜಾರಿದರೆ, ಮೆತ್ತಗಿನ ವಸ್ತು, ನಾಳದ ಆಕಾರಕ್ಕೇ ಕೂತುಬಿಡುತ್ತದೆ. ಅಂಥ ಹೊತ್ತಿನಲ್ಲಿ ಒಂಬತ್ತು ಮಕ್ಕಳಿಗೆ ಇರುವುದು ನನ್ನ ಎರಡೇ ಕೈ.

ಕೂದಲಿಗೆ ಅಂಟಿದರೆ ಚಿಂತೆಯಿಲ್ಲ. ತಕ್ಷಣ ಕತ್ತರಿ ಹಿಡಿಯುವವರು ಜನ್ಮದಲ್ಲಿ ಹಲಸಿನ ಹಣ್ಣು ಬಿಡಿಸಿದವರಲ್ಲ. ಉಡುಪಿ ಕಡೆಯ ನಮಗೆ ಮೇಣದ ಮದ್ದು ತೆಂಗಿನೆಣ್ಣೆ ಎಂದು ಯಾರೂ ಕಲಿಸಬೇಕಿಲ್ಲ. ಎಣ್ಣೆ ಹಚ್ಚಿ ಹತ್ತು ನಿಮಿಷ ಬಿಟ್ಟು, ಎಳೆ ಎಳೆಯಾಗಿ ಜಾರಿಸಬೇಕು. ಎಣ್ಣೆಯ ಬಿಲ್ಲನ್ನು ಫೀಸಿನ ಜೊತೆ ಕಳಿಸುತ್ತೇನೆ. ಚಿಲ್ಲರೆ ಉಳಿದರೆ ಕೆಳಗಿನ ಅಂಗಡಿಯವರ ಹಾಗೆ ಗಮ್ಮಿನಲ್ಲೇ ತೀರಿಸಲೇ?

ಇಷ್ಟಾದರೂ ಅನುಮತಿ ಬೇಕೇ ಬೇಕೆಂದರೆ ಕೊಡುತ್ತೇನೆ. ಗಮ್ ಕೊಟ್ಟವರು ಅದನ್ನು ಮಗು ಉಗುಳುವ ತನಕ ಅದೇ ಚಾಪೆಯ ಮೇಲೆ ಕೂತಿರಬೇಕು, ಇದೊಂದೇ ಷರತ್ತು. ಆಗುವುದಿಲ್ಲ ಅಲ್ಲವೇ? ಆಗುವುದಿಲ್ಲವೆಂದೇ ಗಮ್ ಬಂದಿರುವುದು.

ನಾನು ದಿನಾ ಬಾಗಿಲಲ್ಲಿ ನಿಂತು ನೋಡುವವಳು. ಗುರು ತೇಗ್ ಬಹಾದೂರ್ ನಗರದಿಂದ 8.52ರ ಲೋಕಲ್. 8.40ಕ್ಕೆ ನೀವು ನನ್ನ ಹೊಸ್ತಿಲಲ್ಲಿ. ಮಗು ದುಪಟ್ಟಾ ಬಿಡುವುದಿಲ್ಲ. ಪರ್ಸಿನಿಂದ ಗಮ್ ಹೊರಬರುತ್ತದೆ. ಪುಟ್ಟ ಬೆರಳುಗಳು ಕಾಗದ ಬಿಡಿಸುವುದರಲ್ಲಿ ಮಗ್ನವಾಗುತ್ತವೆ. ತಲೆಯೆತ್ತಿದಾಗ ನೀವಿಲ್ಲ. ಕಾನೂನೇನೋ ಉಂಟು: ಐವತ್ತು ಮಂದಿಗಿಂತ ಕಡಿಮೆಯಿಲ್ಲದ ಸಂಸ್ಥೆ ಶಿಶುಪಾಲನಾ ಕೇಂದ್ರ ಇಡಬೇಕು, ತಾಯಿ ದಿನಕ್ಕೆ ನಾಲ್ಕು ಸಲ ಹೋಗಿ ಮಗುವನ್ನು ನೋಡಬಹುದು ಎಂದು 2017ರಲ್ಲೇ ಹೆರಿಗೆ ಸೌಲಭ್ಯ ತಿದ್ದುಪಡಿ ಹೇಳಿತು. ಕೇಂದ್ರ ಸರ್ಕಾರಿ ನೌಕರರ ಸಿಜಿಎಸ್ ಕಾಲೊನಿಯ ನೌಕರ ತಾಯಂದಿರಿಗೆ ಇಡೀ ಸೇವೆಯಲ್ಲಿ 730 ದಿನ ಮಗುವಿನ ಆರೈಕೆ ರಜೆ ಉಂಟು. ಆ ನಾಲ್ಕು ಭೇಟಿಗಳ ಬದಲಿಗೂ 731ನೆಯ ದಿನಕ್ಕೂ ಈಗ ಒಂದೇ ವ್ಯವಸ್ಥೆ, ಗುಲಾಬಿ ಬಣ್ಣದ ಗಮ್. ಒಂಟಿ ಅಪ್ಪಂದಿರನ್ನು ಬಿಟ್ಟರೆ ಉಳಿದ ಅಪ್ಪಂದಿರಿಗೆ ಆ ರಜೆಯೂ ಇಲ್ಲ, ಬೇಕೆಂದು ಕೇಳಿದವರನ್ನೂ ನಾನು ಕಂಡಿಲ್ಲ.

ನಿಮ್ಮಲ್ಲೊಬ್ಬರ ಮಗಳಿದ್ದಾಳೆ, ಮೂರೂವರೆ ವರ್ಷ. ಹೆಸರು ಬೇಡ. ಅವಳ ಗಮ್ಮಿನ ಸಿಹಿ ಹತ್ತು ನಿಮಿಷಕ್ಕೆ ಮುಗಿಯುತ್ತದೆ. ಊಟದ ಹೊತ್ತಿಗೆ ಬಾಯಿಂದ ತೆಗೆದು ಕಿಟಕಿಯ ಸರಳಿಗೆ ಅಂಟಿಸುತ್ತಾಳೆ. ಗೇಟು ಕಾಣುವ ಕಿಟಕಿ ಅದೊಂದೇ. ಉಂಡಾದ ಮೇಲೆ ಮತ್ತೆ ಬಾಯಿಗೆ. ಕಲ್ಲಾಗಿರುತ್ತದೆ. ಒಂದು ದಿನ ನಾನು ಬೆರಳು ಹಾಕಿ ಕಿತ್ತು ಬಿಸಾಡಿದೆ. ಗಮ್ ಕಳೆದುಕೊಂಡ ಮಗು ಅಳುವ ರೀತಿ ನನಗೆ ಗೊತ್ತು. ಇದು ಆ ಅಳುವಲ್ಲ. ‘ಅದು ಅಮ್ಮ ಕೊಟ್ಟಿದ್ದು’ ಎಂದಳು.

ಲೋಕಲ್ ನಿಮಗಾಗಿ ಕಾಯುವುದಿಲ್ಲ, ಗೊತ್ತು. ಆದರೆ ಕದ್ದು ಹೋಗಬೇಡಿ. ‘ಹೋಗ್ತೇನೆ, ಸಂಜೆ ದೀಪ ಹಚ್ಚೋ ಹೊತ್ತಿಗೆ ಬರ್ತೇನೆ’ ಎಂದು ಮುಖ ನೋಡಿ ಹೇಳಿ ಹೋಗಿ. ಅಳುತ್ತದೆ, ಅಳಲಿ. ಆಮೇಲಿನದು ನನ್ನ ಕೆಲಸ, ಅದಕ್ಕೇ ಅಲ್ಲವೇ ಫೀಸು.

ಇಂತಿ ನಿಮ್ಮ,
ಆಂಟಿ

ವಿ.ಸೂ.: ಈ ತಿಂಗಳು ವಶಪಡಿಸಿಕೊಂಡ ಗಮ್ಮುಗಳನ್ನೆಲ್ಲ ಲೆಕ್ಕಹಾಕಿ ಅವರವರ ಮಕ್ಕಳ ಬ್ಯಾಗಿನಲ್ಲಿ ಇಟ್ಟಿದ್ದೇನೆ. ಅವು ನಿಮಗೆ. ಲೋಕಲ್‌ನಲ್ಲಿ ಜಗಿಯಿರಿ, ಸೀಟಿನಡಿ ಅಂಟಿಸಬೇಡಿ. ಕಿಟಕಿಯ ಸರಳಿನ ಮೇಲಿನ ಒಂದನ್ನು ಮಾತ್ರ ಕೀಳಲಿಲ್ಲ. ಅದರ ಒಡತಿ ಇನ್ನೂ ಕಾಯುತ್ತಿದ್ದಾಳೆ.