ಮಡಿಯದ ಕಿರುಬೆರಳು

1967ರ ಜನವರಿಯಲ್ಲಿ ಅಮೆರಿಕೆಯ ಎಬಿಸಿ ವಾಹಿನಿಯಲ್ಲಿ ಹುಟ್ಟಿ, 43 ಕಂತುಗಳನ್ನು ಕಂಡು ಮರುವರ್ಷದ ಮಾರ್ಚಿಯಲ್ಲಿಯೇ ಅಲ್ಪಾಯುವಾದ ‘ದಿ ಇನ್‌ವೇಡರ್ಸ್’ ಧಾರಾವಾಹಿಯನ್ನು ಈಚೆಗೆ ಮತ್ತೆ ನೋಡುತ್ತಿರಲು, ನನ್ನ ಕನಿಕರವೆಲ್ಲ ಅದರಲ್ಲಿ ಭೂಮಿಗೆ ದಾಳಿಯಿಡುವ ಅನ್ಯಗ್ರಹವಾಸಿಗಳ ಪಾಲಾಯಿತು. ಅಪಾರ ಆಕಾಶವನ್ನು ದಾಟಿ ಬಂದು, ಮನುಷ್ಯರೂಪವನ್ನು ಧರಿಸಿ, ಕೋಟು ಟೈಗಳ ಸಮೇತ ಸಭ್ಯ ಗೃಹಸ್ಥರಂತೆ ಸಂಚರಿಸಬಲ್ಲ ಆ ಮಹಾನುಭಾವರಲ್ಲಿ ಹಲವರಿಗೆ ಕಿರುಬೆರಳನ್ನು ಮಡಿಸಲು ಮಾತ್ರ ಬಾರದು! ಕೈಯೆತ್ತಿದರೆ ಸಾಕು, ಗುಟ್ಟು ರಟ್ಟು. ನಾಯಕ ಡೇವಿಡ್ ವಿನ್ಸೆಂಟನೋ, ವೃತ್ತಿಯಿಂದ ವಾಸ್ತುಶಿಲ್ಪಿ. ಇರುಳಲ್ಲಿ ದಾರಿ ತಪ್ಪಿ, ಹಾರುವ ತಟ್ಟೆ ಇಳಿದುದನ್ನು ಕಂಡ ತರುವಾಯ ಪುಣ್ಯಾತ್ಮನು ಒಂದು ದನದ ಕೊಟ್ಟಿಗೆಯನ್ನಾದರೂ ಕಟ್ಟಿದುದನ್ನು ನಾನು ಕಾಣೆ. ಅವರು ಬಂದಿರುವರೆಂಬುದಕ್ಕೆ ಸಾಕ್ಷ್ಯವನ್ನು ತೋರಿಸೋಣವೆಂದರೆ, ಸತ್ತ ಶತ್ರುವು ಕೆಂಪಗೆ ಬೆಳಗಿ ಅಲ್ಲಿಯೇ ಮಾಯವಾಗುವನು. ಆದರೂ ವಿನ್ಸೆಂಟನ ಪಾತ್ರಧಾರಿ ರಾಯ್ ಥಿನ್ನೆಸ್ಸನ ಗಂಭೀರ ಮುಖಕ್ಕಾಗಿಯಾದರೂ ನೋಡಿರಿ. ಕಥೆ ಮುಗಿಯದೆಯೇ ನಿಂತುಹೋಗುವುದೆಂಬುದನ್ನು ಮಾತ್ರ ಮೊದಲೇ ತಿಳಿದು ಕುಳಿತುಕೊಳ್ಳಿರಿ.